ಮಾತಿಗಿಂತ ಮೊದಲು ಕೈ ಕಲೀರಿ
ತೀರ್ಥಹಳ್ಳಿ ಕಡೆ ಅಡಿಕೆ ಸುಲಿಯೋಳ ಪಾತ್ರ ಸಿಕ್ಕಿದೆ, ಮಲೆನಾಡಿನ ಮಾತು ಹೇಗೆ ಕಲೀಲಿ ಅಂತ ಕೇಳಿದ್ದೀರಿ. ಒಂದೇ ಮಲೆನಾಡು ಕನ್ನಡ ಅಂತಿಲ್ಲ ಮೇಡಂ. ಹವ್ಯಕ ಬ್ರಾಹ್ಮಣರ ಮನೆಮಾತು ಬೇರೆ, ದೀವರ ಸಮುದಾಯದ್ದು ಬೇರೆ. ಆಕೆ ಯಾರ ಮನೆಯವಳು ಅಂತ ಮೊದಲು ನಿರ್ದೇಶಕರನ್ನ ಕೇಳಿ. ಅವರಿಗೇ ಗೊತ್ತಿಲ್ದಿದ್ರೆ ಕಷ್ಟ.

ನನ್ನ ಕೇಳಿದ್ರೆ, ಮಾತಿಗಿಂತ ಕೈ ಮುಖ್ಯ. ದೀಪಾವಳಿ ಆದ್ಮೇಲೆ ಬಂದು ನಾಲ್ಕು ದಿನ ಮೆಟ್ಟುಗತ್ತಿ, ಅಂದ್ರೆ ಕಾಲಲ್ಲಿ ಒತ್ತಿ ಹಿಡಿದು ಅಡಿಕೆ ಸುಲಿಯೋ ಕತ್ತಿ, ಮೆಟ್ಟಿ ಕೂತ್ಕೊಳ್ಳಿ. ಪಳಗಿದವರು ಕತ್ತಿ ನೋಡೋದೇ ಇಲ್ಲ, ಹರಟ್ತಾನೇ ಸುಲೀತಾರೆ. ಅಡಿಕೆಯ ಕರೆ ಹಿಡಿದು ಬೆರಳು ಕಪ್ಪಾಗಿರುತ್ತೆ. ಮೇಕಪ್‌ನವರು ಮರೆಯೋದು ಅದನ್ನೇ. ಇನ್ನು ಮಾತಿಗೆ, ಸಾಗರದ ಹತ್ತಿರದ ಹೆಗ್ಗೋಡಿನ ನೀನಾಸಮ್ ಸಂಸ್ಥೆಯಲ್ಲಿ 1980ರಿಂದ ರಂಗಶಿಕ್ಷಣ ನಡೀತಿದೆ. ಅಲ್ಲಿ ಕಲಿತ ಈ ಕಡೆಯವರೊಬ್ಬರು ಸೆಟ್‌ನಲ್ಲಿದ್ರೆ ಮಾತು ತಿದ್ದುತ್ತಾರೆ. ಕತ್ತಿ ಜೋಪಾನ, ಮೊದಲ ದಿನ ನಾನೂ ಬೆರಳು ಕುಯ್ಕೊಂಡಿದ್ದೆ.