ಸ್ವರ ಸಂದೇಹ: ಹಕ್ಕಿ ಹಾಡಿದ್ದನ್ನು ಬರೆದಿಟ್ಟವರು

ಪ್ರಶ್ನೆ: ಪಾಶ್ಚಾತ್ಯ ಸಂಗೀತದಲ್ಲಿ ಪ್ರಕೃತಿ ಎಂದೊಡನೆ ಎಲ್ಲರೂ ವಿವಾಲ್ಡಿಯ ನಾಲ್ಕು ಋತುಗಳನ್ನೇ ಹೇಳುತ್ತಾರೆ. ಹೆಣ್ಣುಮಕ್ಕಳು ಬರೆದದ್ದು ಇಲ್ಲವೇ? ನನಗೆ ದೊಡ್ಡ ವಾದ್ಯಮೇಳದ ಅಬ್ಬರ ಹಿಡಿಸುವುದಿಲ್ಲ.
– ಓದುಗರೊಬ್ಬರು, ಸಕಲೇಶಪುರ

ಬೇಕಾದಷ್ಟಿದೆ. ಅಬ್ಬರ ಬೇಡವೆಂದರೆ ನೀವು ಹುಡುಕುತ್ತಿರುವುದು ಚೇಂಬರ್ ಸಂಗೀತವನ್ನು. ಮೂವರೋ ನಾಲ್ವರೋ ವಾದಕರು, ಒಬ್ಬೊಬ್ಬರಿಗೂ ಅವರದೇ ಸಾಲು, ಎದುರು ನಿಂತು ಕೋಲು ಆಡಿಸುವವರಿಲ್ಲ. ನಮ್ಮ ನಡುಮನೆಯ ಕಚೇರಿಯ ಹಾಗೆ ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳಿಸುತ್ತಿರಬೇಕು.

ಮೊದಲು ಲಿಲಿ ಬುಲಾಂಜೆಯನ್ನು ಕೇಳಿ. 1893ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಈಕೆಗೆ ಎರಡು ವರ್ಷದ ಮಗುವಾಗಿದ್ದಾಗ ಬಂದ ನ್ಯುಮೋನಿಯಾದ ನಂತರ ಆರೋಗ್ಯ ಎಂಬುದೇ ಇರಲಿಲ್ಲ. ಆದರೂ 1913ರಲ್ಲಿ ಫ್ರಾನ್ಸಿನ ‘ಪ್ರಿ ದ ರೋಮ್’ ಸಂಗೀತ ಪ್ರಶಸ್ತಿ ಗೆದ್ದ ಮೊದಲ ಮಹಿಳೆಯಾದಳು. 1918ರ ಮಾರ್ಚ್‌ನಲ್ಲಿ, 24ನೆಯ ವಯಸ್ಸಿಗೆ ತೀರಿಕೊಂಡಳು. ಆ ಕೊನೆಯ ದಿನಗಳಲ್ಲಿ ಬರೆದ ಜೋಡಿ ಕೃತಿಗಳು ‘ವಸಂತದ ಒಂದು ಬೆಳಗು’ ಮತ್ತು ‘ವಿಷಾದದ ಒಂದು ಸಂಜೆ’. ಎರಡಕ್ಕೂ ಪಿಟೀಲು, ಚೆಲ್ಲೊ, ಪಿಯಾನೊಗಳ ರೂಪವಿದೆ, ಅದನ್ನೇ ಆರಿಸಿಕೊಳ್ಳಿ. ಎರಡೂ ಹೊರಡುವುದು ಒಂದೇ ಸ್ವರಗುಚ್ಛದಿಂದ. ಬೆಳಗಿನಲ್ಲಿ ಅದು ಕುಣಿಯುತ್ತದೆ, ಸಂಜೆಯಲ್ಲಿ ಕಾಲೆಳೆಯುತ್ತದೆ. ಹಿಂದೂಸ್ತಾನಿಯಲ್ಲಿ ದೇಶಕಾರ್ ಮತ್ತು ಭೂಪ್ ರಾಗಗಳಿಗೆ ಇರುವುದು ಅದೇ ಐದು ಸ್ವರ, ಒಂದು ಬೆಳಗಿನದು, ಇನ್ನೊಂದು ಇರುಳಿನ ಮೊದಲ ಜಾವದ್ದು ಎಂದು ನೆನಪಿಸಿಕೊಂಡರೆ ಈ ಹುಡುಗಿಯ ಕೆಲಸ ನಿಮಗೆ ಪರಕೀಯವೆನಿಸುವುದಿಲ್ಲ. ಸಂಜೆಯ ಕೃತಿಯನ್ನು ಮಾತ್ರ ಅಡುಗೆಮನೆಯ ಕೆಲಸದ ನಡುವೆ ಹಾಕಿಕೊಳ್ಳಬೇಡಿ. ಹತ್ತು ನಿಮಿಷ ಸುಮ್ಮನೆ ಕೂತು ಕೇಳಬೇಕಾದದ್ದು ಅದು.

ಇದು ಹಿಡಿಸಿದ ಮೇಲೆ ಫಿನ್ಲೆಂಡಿನ ಕೈಯಾ ಸಾರಿಯಾಹೊ 1987ರಲ್ಲಿ ಬರೆದ ‘ನಿಂಫೆಯಾ’. ಹೆಸರಿನ ಅರ್ಥ ನೈದಿಲೆ. ನಾಲ್ಕು ತಂತಿವಾದ್ಯಗಳ ಜೊತೆಗೆ ವಿದ್ಯುನ್ಮಾನ ಧ್ವನಿ. ನಡುವೆ ವಾದಕರೇ ಪಿಸುಗುಟ್ಟುತ್ತಾರೆ. ಮೊದಲ ಸಲ ಕರ್ಕಶವೆನಿಸಬಹುದು, ನನಗೂ ಹಾಗೇ ಆಗಿತ್ತು. ಹೂವಿನ ಚಂದವನ್ನು ಬಿಟ್ಟು ಅದರ ಕೆಳಗೆ ಕಲಕುವ ನೀರಿಗೆ ಕಿವಿ ಕೊಟ್ಟ ಮೇಲೆ ಕೃತಿ ತೆರೆದುಕೊಂಡಿತು.

ಪ್ರಶ್ನೆ: ಹಕ್ಕಿಯ ಕೂಗನ್ನು ಹಾಗೆಯೇ ಬರೆದರೆ ಅದು ನಕಲಾಗುವುದಿಲ್ಲವೇ? ಅದರಲ್ಲಿ ಸಂಯೋಜನೆ ಏನು ಬಂತು?
– ನಿವೃತ್ತ ಶಿಕ್ಷಕರು, ಮೂಡಿಗೆರೆ

ಒಮ್ಮೆ ಬರೆಯಲು ಕೂತು ನೋಡಿ ಎಂದು ವಿನಯದಿಂದಲೇ ಹೇಳುತ್ತೇನೆ. ಹೋದ ವರ್ಷ ಆರ್ದ್ರಾ ಮಳೆಯಲ್ಲಿ ಮಲ್ಲಂದೂರಿನ ಗೆಳತಿಯ ತೋಟದಲ್ಲಿ ಉಳಿದಿದ್ದೆ. ಬೆಳಗಿನ ಜಾವ ಮನೆಯ ಹಿಂದಿನ ಹಳ್ಳದಲ್ಲಿ ಸಿಳ್ಳಾರ ಹಾಡಲು ಶುರುಮಾಡಿತು. ದಾರಿಯಲ್ಲಿ ಹೋಗುವ ಹುಡುಗ ಗೊತ್ತುಗುರಿಯಿಲ್ಲದೆ ಶಿಳ್ಳೆ ಹಾಕಿದಂತೆ. ಪಿಟೀಲು ತೆಗೆದು, ಪೆನ್ಸಿಲ್ ಹಿಡಿದು, ಮೂರು ಬೆಳಗು ಕೂತೆ. ಪಂಚಮ ಎಂದು ಬರೆದುಕೊಳ್ಳುವಷ್ಟರಲ್ಲಿ ಅದು ಪಂಚಮಕ್ಕೂ ಧೈವತಕ್ಕೂ ನಡುವೆ ಎಲ್ಲೋ ಜಾರಿರುತ್ತಿತ್ತು. ನಲವತ್ತು ವರ್ಷ ಪಾಠ ಹೇಳಿದ ಕಿವಿಗೆ ದಕ್ಕಿದ್ದು ಎರಡು ಸಾಲು.

ಆ ಕಾರಣಕ್ಕೇ ಅಮೆರಿಕದ ಏಮಿ ಬೀಚ್ ಬಗ್ಗೆ ನನಗೆ ಅಷ್ಟು ಗೌರವ. 1921ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಪೀಟರ್‌ಬರೊ ಊರಿನ ಮ್ಯಾಕ್‌ಡೊವೆಲ್ ಕಲಾವಿದರ ನೆಲೆಯಲ್ಲಿ ಆಕೆ ಹರ್ಮಿಟ್ ಥ್ರಷ್ ಎಂಬ ಹಕ್ಕಿಯ ಹಾಡನ್ನು ಕೇಳಿ ಕೇಳಿ ಬರೆದುಕೊಂಡರು. ಅದೂ ನಮ್ಮ ಸಿಳ್ಳಾರದಂತೆ ಕಾಡಿನ ಮರೆಯಲ್ಲಿ ಹಾಡುವ ಹಕ್ಕಿ. ಅದರಿಂದ ಎರಡು ಪಿಯಾನೊ ಕೃತಿಗಳು ಹುಟ್ಟಿದವು, ಒಂದು ಸಂಜೆಗೆ, ಒಂದು ಬೆಳಗಿಗೆ. ಒಂದೇ ಪಿಯಾನೊ ಆದ್ದರಿಂದ ಕಟ್ಟುನಿಟ್ಟಾಗಿ ಚೇಂಬರ್ ಸಂಗೀತವಲ್ಲ, ಆದರೂ ಕೋಣೆಯಲ್ಲೇ ಕೇಳಬೇಕಾದದ್ದು. ಕೂಗುಗಳು ಹಕ್ಕಿ ಹಾಡಿದ ಶ್ರುತಿಯಲ್ಲೇ ಇವೆ, ಒಂದು ಸ್ಥಾಯಿ ಕೆಳಗೆ ಮಾತ್ರ ಎಂದು ಅವರೇ ಟಿಪ್ಪಣಿ ಬರೆದಿದ್ದಾರೆ. ಸಂಯೋಜನೆ ಇರುವುದು ಆ ಕೂಗುಗಳ ಸುತ್ತ. ನಿಧಾನವಾಗಿ ಕತ್ತಲಾಗುವ ಹಾಗೆ ಹರಿಯುವ ಒಂದು ಮಾಧುರ್ಯ, ಅದು ನಿಂತ ಜಾಗದಲ್ಲಿ ಹಕ್ಕಿ. ಆ ಮೌನವನ್ನು ಎಷ್ಟು ಹೊತ್ತು ಹಿಡಿಯಬೇಕು ಎಂಬುದನ್ನು ಹಕ್ಕಿ ಹೇಳಿಕೊಡಲಿಲ್ಲ, ಗುರುಗಳೇ. ಅದು ಬೀಚ್ ಅವರದೇ ತೀರ್ಮಾನ.

ಪ್ರಶ್ನೆ: ನಾನು ಪಿಟೀಲು ಕಲಿಯುತ್ತಿದ್ದೇನೆ, ಗೆಳತಿ ಕೊಳಲು ನುಡಿಸುತ್ತಾಳೆ. ಕಾಫಿ ಹೂವಿನ ಬಗ್ಗೆ ಇಬ್ಬರಿಗಾಗಿ ಏನಾದರೂ ಬರೆಯಬೇಕೆಂದಿದ್ದೇನೆ. ಎಲ್ಲಿಂದ ಶುರುಮಾಡಲಿ?
– ಪಿಯುಸಿ ವಿದ್ಯಾರ್ಥಿನಿ, ಚಿಕ್ಕಮಗಳೂರು

ಹೂವಿನಿಂದ ಶುರುಮಾಡಬೇಡ, ಮಗಳೇ. ಕಾಫಿಯ ಮೊಗ್ಗು ಅರಳಿಸುವ ಹೂಮಳೆ ಬಿದ್ದು ಒಂಬತ್ತು ಹತ್ತು ದಿನ ಏನೂ ಆಗುವುದಿಲ್ಲವಲ್ಲ, ಮನೆಯವರೆಲ್ಲ ಬೆಳಗೆದ್ದು ಮೊಗ್ಗು ನೋಡಿ ಬರುತ್ತಾರಲ್ಲ, ಅಲ್ಲಿಂದ ಶುರುಮಾಡು. ಪಿಟೀಲಿಗೆ ಒಂದೇ ದೀರ್ಘ ಸ್ವರ ಕೊಡು. ಕೊಳಲು ಎರಡು ಸಲ ಬಾಯಿ ತೆರೆದು ಸುಮ್ಮನಾಗಲಿ. ಹೂವಿಗೆ ನಾಲ್ಕೇ ಆವರ್ತ ಸಾಕು, ತೋಟದಲ್ಲೂ ಅದು ಹೆಚ್ಚು ದಿನ ನಿಲ್ಲುವುದಿಲ್ಲ. ಸ್ವರಲಿಪಿಯಲ್ಲಿ ಬರೆದರೂ ಆದೀತು. ಎಂಟು ಸಾಲಾದೊಡನೆ ಪತ್ರಿಕೆಯ ವಿಳಾಸಕ್ಕೆ ಕಳುಹಿಸು, ನಾನು ನುಡಿಸಿ ನೋಡುತ್ತೇನೆ.