ದಪ್ಪ ಮೈಯವರ ಯೋಗಾಭ್ಯಾಸ: ಹೊಟ್ಟೆಗೂ ಜಾಗ ಮಾಡಿಕೊಡಿ

ಓದುಗರ ಪ್ರಶ್ನೆಗಳಿಗೆ ಯೋಗ ಶಿಕ್ಷಕರ ಉತ್ತರ

ಪ್ರಶ್ನೆ: ನನಗೆ 38 ವರ್ಷ, ತೂಕ 104 ಕೆ.ಜಿ. ಕೆಲವು ತಿಂಗಳಿಂದ ಯೋಗ ತರಗತಿಗೆ ಹೋಗುತ್ತಿದ್ದೇನೆ. ಮುಂದಕ್ಕೆ ಬಾಗುವ ಯಾವ ಆಸನ ಮಾಡಿದರೂ ಹೊಟ್ಟೆ ತೊಡೆಗೆ ತಾಗಿ ಅಲ್ಲಿಗೇ ನಿಂತುಬಿಡುತ್ತೇನೆ. ಸೂರ್ಯನಮಸ್ಕಾರದಲ್ಲಿ ಹಿಂದಿನ ಕಾಲನ್ನು ಎರಡು ಕೈಗಳ ನಡುವೆ ತಂದಿಡಲು ಆಗುವುದೇ ಇಲ್ಲ. "ಮಾಡ್ತಾ ಮಾಡ್ತಾ ಬರುತ್ತೆ" ಎನ್ನುತ್ತಾರೆ ನಮ್ಮ ಟೀಚರ್. ಇನ್ನೂ ಎಷ್ಟು ದಿನ ಹಿಡಿಯಬಹುದು?

ಉತ್ತರ: ದಿನ ಲೆಕ್ಕ ಹಾಕುವ ಮೊದಲು ಒಂದು ವಿಷಯ ಗಮನಿಸಿ. ಬಾಗಿದಾಗ ನಿಮಗೆ ತಡೆಯಾಗುತ್ತಿರುವುದು ಎಲ್ಲಿ? ತೊಡೆಯ ಹಿಂಭಾಗದಲ್ಲಿ, ಮಂಡಿಯ ಹಿಂದೆ ಎಳೆದಂತಾಗುತ್ತದೆಯೇ? ಇಲ್ಲ, ಮುಂಭಾಗದಲ್ಲಿ, ಹೊಟ್ಟೆ ತೊಡೆ ಕೂಡುವ ಕಡೆ ಒತ್ತುತ್ತದೆಯೇ? ಹಿಂದೆ ಎಳೆದರೆ ಅದು ಸ್ನಾಯುಗಳ ಬಿಗಿತ, ಅಭ್ಯಾಸದಿಂದ ನಿಧಾನವಾಗಿ ಸಡಿಲವಾಗುತ್ತದೆ. ಮುಂದೆ ಒತ್ತುತ್ತಿದ್ದರೆ ಅಲ್ಲಿ ಮೈಗೆ ಮೈ ತಾಗಿ ಜಾಗ ಮುಗಿದಿದೆ ಎಂದರ್ಥ. ಅದು ಎಷ್ಟು ಅಭ್ಯಾಸ ಮಾಡಿದರೂ ಸಡಿಲವಾಗುವುದಿಲ್ಲ, ಏಕೆಂದರೆ ಅಲ್ಲಿ ಬಿಗಿಯಾಗಿರುವುದೇ ಏನೂ ಇಲ್ಲ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮದು ಎರಡನೆಯ ಬಗೆ. ಶಿಕ್ಷಕರು ಇವೆರಡನ್ನೂ ಒಂದೇ ಎಂದುಕೊಳ್ಳುವುದರಿಂದಲೇ ದಪ್ಪಗಿರುವ ಎಷ್ಟೋ ಮಂದಿ ತಮ್ಮಲ್ಲಿ ಶ್ರದ್ಧೆ ಸಾಲದು ಎಂದು ನೊಂದುಕೊಂಡು ತರಗತಿ ಬಿಡುತ್ತಾರೆ. ನಿಮ್ಮ ಶ್ರದ್ಧೆಯಲ್ಲಿ ಕೊರತೆಯಿಲ್ಲ. ಬೇಕಾಗಿರುವುದು ಜಾಗ, ಅದನ್ನು ಇವತ್ತೇ ಮಾಡಿಕೊಳ್ಳಬಹುದು.

ನಿಂತು ಬಾಗುವಾಗ ಪಾದಗಳನ್ನು ಜೋಡಿಸಬೇಡಿ. ಸೊಂಟದ ಅಗಲಕ್ಕಿಂತ ಸ್ವಲ್ಪ ಹೆಚ್ಚೇ ಬಿಡಿಸಿ ನಿಲ್ಲಿ, ಹೊಟ್ಟೆ ತೊಡೆಗಳ ನಡುವೆ ಇಳಿಯಲಿ. ಮಂಡಿ ಸ್ವಲ್ಪ ಮಡಿಸಿದರೆ ತಪ್ಪೇನಿಲ್ಲ. ಕಾಲು ಚಾಚಿ ಕುಳಿತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನಕ್ಕೆ ಕೂರುವಾಗ ಮಡಿಸಿದ ಕಂಬಳಿಯ ಅಂಚಿನ ಮೇಲೆ ಕುಳಿತುಕೊಳ್ಳಿ. ಪೃಷ್ಠ ಎತ್ತರಕ್ಕೆ ಬಂದರೆ ಸೊಂಟ ತಾನಾಗಿ ಮುಂದಕ್ಕೆ ವಾಲುತ್ತದೆ, ಬೆನ್ನು ಗೂನಾಗುವುದಿಲ್ಲ. ಕಾಲುಗಳ ನಡುವೆ ಮ್ಯಾಟಿನಷ್ಟು ಅಂತರ ಇರಲಿ. ಆಮೇಲೆ ಎರಡೂ ಕೈಯಿಂದ ಹೊಟ್ಟೆಯನ್ನು ಹಿಡಿದು ತೊಡೆಸಂದಿನಿಂದ ಮೇಲಕ್ಕೆ ಎತ್ತಿ ಸರಿಸಿ, ನಂತರ ಬಾಗಿ. ತರಗತಿಯಲ್ಲಿ ಹೀಗೆ ಮಾಡಲು ಮೊದಮೊದಲು ಸಂಕೋಚವಾಗಬಹುದು. ಆದರೆ ಉದ್ದ ಕೂದಲಿನವರು ಜಡೆಯನ್ನು ಹಿಂದಕ್ಕೆ ಹಾಕಿಕೊಂಡೇ ಬಾಗುತ್ತಾರಲ್ಲ, ಇದೂ ಅಷ್ಟೇ ಸಹಜ. ಪಾದ ಕೈಗೆ ಸಿಗದಿದ್ದರೆ ಅಂಗಾಲಿಗೆ ಬೆಲ್ಟ್ ಹಾಕಿ ಹಿಡಿಯಿರಿ.

ಇನ್ನು ಸೂರ್ಯನಮಸ್ಕಾರದ ಕಾಲು. ಎರಡೂ ಅಂಗೈ ಕೆಳಗೆ ಒಂದೊಂದು ಬ್ಲಾಕ್ (ಇಟ್ಟಿಗೆಯಾಕಾರದ ಆಸರೆ) ಇಟ್ಟರೆ ಎದೆ ಮೇಲೇಳುತ್ತದೆ, ಕಾಲು ಬರಲು ದಾರಿಯಾಗುತ್ತದೆ. ಕಾಲನ್ನು ನೇರವಾಗಿ ಹೊಟ್ಟೆಯ ಕೆಳಗೆ ತೂರಿಸಲು ನೋಡಬೇಡಿ. ಪಕ್ಕದಿಂದ ಅರ್ಧ ವೃತ್ತದಂತೆ ಸುತ್ತಿಸಿ ತನ್ನಿ. ಒಂದೇ ಹೆಜ್ಜೆಯಲ್ಲಿ ಬರದಿದ್ದರೆ ಎರಡು ಮೂರು ಪುಟ್ಟ ಹೆಜ್ಜೆ ಇಡಿ, ಅಥವಾ ಹಿಂದಿನ ಮಂಡಿ ಊರಿ, ಕೈಯಿಂದ ಕಣಕಾಲು ಹಿಡಿದು ಮುಂದಕ್ಕೆ ತಂದಿಡಿ. ಗೋಡೆಗೆ ಒತ್ತಿಟ್ಟ ಕುರ್ಚಿಯ ಮೇಲೆ ಕೈಯೂರಿ ಇಡೀ ನಮಸ್ಕಾರವನ್ನು ಮಾಡಬಹುದು. ಮಣಿಕಟ್ಟು ನೋಯುವವರಿಗೆ ಇದೇ ಒಳ್ಳೆಯದು, ಏಕೆಂದರೆ ಅಷ್ಟು ತೂಕ ಕೈಮೇಲೆ ಬೀಳುವುದಿಲ್ಲ.

ಬೆಲ್ಟ್, ಬ್ಲಾಕ್ ಹಿಡಿದರೆ ಅರೆಬರೆ ಯೋಗ ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅತ್ಯಂತ ಕಟ್ಟುನಿಟ್ಟಿನ ಗುರು ಎನಿಸಿಕೊಂಡಿದ್ದ ಬಿ.ಕೆ.ಎಸ್. ಅಯ್ಯಂಗಾರ್ (1918–2014) ಅವರೇ ಹಗ್ಗ, ಬೆಲ್ಟ್, ಮರದ ಇಟ್ಟಿಗೆ, ಕುರ್ಚಿಗಳನ್ನು ಆಸನಾಭ್ಯಾಸದೊಳಗೆ ತಂದು ಜಗತ್ತಿಗೆಲ್ಲ ಪರಿಚಯಿಸಿದವರು. ತಾವೂ ಅವುಗಳ ಮೇಲೆ ಅಭ್ಯಾಸ ಮಾಡುತ್ತಿದ್ದರು.

ಪ್ರಶ್ನೆ: ಶವಾಸನದಲ್ಲಿ ಎಲ್ಲರೂ ಹಾಯಾಗಿ ಮಲಗಿರುತ್ತಾರೆ, ನನಗೆ ಮಾತ್ರ ಉಸಿರು ಕಟ್ಟಿದಂತಾಗುತ್ತದೆ. ಭುಜದ ಮೇಲೆ ನಿಂತು ಕಾಲು ಮೇಲೆತ್ತುವ ಸರ್ವಾಂಗಾಸನದಲ್ಲಂತೂ ಎದೆ ಗಂಟಲಿಗೆ ಒತ್ತಿ ಗಾಬರಿಯಾಗುತ್ತದೆ. ನನ್ನದು ದೊಡ್ಡ ಎದೆ, ದಪ್ಪ ಮೈ.

ಉತ್ತರ: ಅಂಗಾತ ಮಲಗಿದಾಗ ಹೊಟ್ಟೆ ಮತ್ತು ಎದೆಯ ಭಾರ ವಪೆಯ (ಎದೆಗೂ ಹೊಟ್ಟೆಗೂ ನಡುವೆ ಇದ್ದು ಉಸಿರಾಡಿಸುವ ಸ್ನಾಯುವಿನ) ಮೇಲೆ ಬೀಳುತ್ತದೆ. ಪ್ರತಿ ಉಸಿರಿಗೂ ವಪೆ ಅದನ್ನು ತಳ್ಳಿ ಕೆಳಗಿಳಿಯಬೇಕು. ಆದ್ದರಿಂದ ನಿಮಗಾಗುತ್ತಿರುವುದು ಕಲ್ಪನೆಯಲ್ಲ. ಬೆನ್ನಿನ ಉದ್ದಕ್ಕೂ ಬೋಲ್ಸ್ಟರ್ (ಉದ್ದನೆಯ ಗಟ್ಟಿ ದಿಂಬು) ಅಥವಾ ಎರಡು ಗಟ್ಟಿ ದಿಂಬು ಇಟ್ಟು, ತಲೆಯ ಕೆಳಗೆ ಇನ್ನೊಂದು ಕಂಬಳಿ ಸೇರಿಸಿ ಒರಗಿಕೊಳ್ಳಿ. ಗಲ್ಲ ಮೇಲಕ್ಕೆ ಎದ್ದಿರಬಾರದು. ಮಂಡಿಯ ಕೆಳಗೂ ಒಂದು ದಿಂಬು ಇರಲಿ. ಅದೂ ಹಿತವೆನಿಸದಿದ್ದರೆ ಎಡಮಗ್ಗುಲಿಗೆ ತಿರುಗಿ, ಮಂಡಿಗಳ ನಡುವೆ ದಿಂಬಿಟ್ಟು ಮಲಗಿ. ಹುಳಿತೇಗು, ಎದೆಯುರಿ ಇರುವವರಿಗೂ ಇದು ಅನುಕೂಲ. ವಿಶ್ರಾಂತಿ ಸಿಕ್ಕರೆ ಅದು ಶವಾಸನವೇ.

ಸರ್ವಾಂಗಾಸನ, ಕಾಲನ್ನು ತಲೆಯ ಹಿಂದೆ ನೆಲಕ್ಕೆ ತಾಗಿಸುವ ಹಲಾಸನ ನಿಮಗೆ ಬೇಡ ಎಂದು ಖಡಾಖಂಡಿತವಾಗಿ ಹೇಳುತ್ತೇನೆ. ಎದೆ ಗಂಟಲಿಗೆ ಒತ್ತುವುದು ಒಂದು ಕಾರಣವಾದರೆ, ಮೈಯ ಭಾರವೆಲ್ಲ ಕುತ್ತಿಗೆಯ ಮೇಲೆ ಬರುವುದು ಇನ್ನೂ ದೊಡ್ಡ ಕಾರಣ. ನೆಲದ ಮೇಲೆ ಮಲಗಿ ಕಾಲಿನ ಮೀನಖಂಡಗಳನ್ನು ಕುರ್ಚಿಯ ಮೇಲಿಟ್ಟರೆ ಸಾಕು, ತಲೆಯಡಿಯ ಕಂಬಳಿ ಹಾಗೇ ಇರಲಿ. ರಕ್ತದೊತ್ತಡ ಹತೋಟಿಯಲ್ಲಿ ಇಲ್ಲದವರು, ಗ್ಲಾಕೋಮಾ (ಕಣ್ಣಿನ ನರಕ್ಕೆ ಹಾನಿ ಮಾಡುವ ಕಾಯಿಲೆ) ಇರುವವರು ಮೈ ಹೇಗೇ ಇರಲಿ, ತಲೆಕೆಳಗಾಗುವ ಆಸನಗಳನ್ನು ಮಾಡಬಾರದು. ರಾತ್ರಿ ಜೋರಾಗಿ ಗೊರಕೆ, ಹಗಲೆಲ್ಲ ತೂಕಡಿಕೆ ಇದ್ದರೆ ವೈದ್ಯರಿಗೆ ತೋರಿಸಿ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ತೊಂದರೆ ಇರಬಹುದು, ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

ಪ್ರಶ್ನೆ: ದಿನಾ ಒಂದು ಗಂಟೆ ಯೋಗ ಮಾಡಿದರೆ ತೂಕ ಎಷ್ಟು ಇಳಿಯುತ್ತದೆ?

ಉತ್ತರ: ಯೋಗವೊಂದರಿಂದಲೇ ಹೆಚ್ಚೇನೂ ಇಳಿಯುವುದಿಲ್ಲ. ಸುಮ್ಮನೆ ಕುಳಿತಾಗ ಖರ್ಚಾಗುವ ಶಕ್ತಿಯನ್ನು 1 ಎಂದು ಹಿಡಿದರೆ, ಸಾಮಾನ್ಯ ಹಠಯೋಗಕ್ಕೆ ಸುಮಾರು 2.5 ಎಂದು ದೈಹಿಕ ಚಟುವಟಿಕೆಗಳ ಪಟ್ಟಿಗಳಲ್ಲಿ ಕೊಡುತ್ತಾರೆ. ಚುರುಕು ನಡಿಗೆಗೆ ಇದಕ್ಕಿಂತ ಹೆಚ್ಚು ಬೇಕು. ಹಾಗಾಗಿ ತೂಕದ ಯಂತ್ರ ನೋಡಿಕೊಂಡು ಯೋಗ ಮಾಡುವವರು ಬೇಗ ನಿರಾಶರಾಗಿ ಬಿಟ್ಟುಬಿಡುತ್ತಾರೆ. ನೆಲದಿಂದ ಏಳುವುದು ಸಲೀಸಾಯಿತೇ, ಮೆಟ್ಟಿಲಲ್ಲಿ ಕಾಲು ನಂಬಿಕೆಯಿಂದ ಊರುತ್ತಿದೆಯೇ, ರಾತ್ರಿ ನಿದ್ದೆ ಹೇಗಿದೆ ಎಂದು ನೋಡಿ. ತೂಕ ಇಳಿಯದೆಯೂ ಇವು ಸುಧಾರಿಸುತ್ತವೆ.

ಪ್ರಶ್ನೆ: ನಾನು ಯೋಗ ಶಿಕ್ಷಕ. ನನ್ನ ತರಗತಿಗೆ ದಪ್ಪಗಿರುವವರು ಸೇರುತ್ತಾರೆ, ಆದರೆ ಹೆಚ್ಚು ದಿನ ನಿಲ್ಲುವುದಿಲ್ಲ. ನಾನು ಅವರನ್ನು ಬೈದವನಲ್ಲ, ಚೆನ್ನಾಗಿಯೇ ಹುರಿದುಂಬಿಸುತ್ತೇನೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಬಹುಶಃ ಆ ಹುರಿದುಂಬಿಸುವುದರಲ್ಲೇ. "ಇಷ್ಟು ಮೈ ಇಟ್ಟುಕೊಂಡೂ ಎಷ್ಟು ಚೆನ್ನಾಗಿ ಮಾಡ್ತೀರಿ" ಎಂದು ನೀವು ಮೆಚ್ಚಿಕೊಂಡ ಕ್ಷಣವೇ ಇಡೀ ತರಗತಿ ಅವರತ್ತ ತಿರುಗಿ ನೋಡುತ್ತದೆ. ಅವರು ಮೆಚ್ಚುಗೆ ಬೇಡಿ ಬಂದಿಲ್ಲ, ಕಲಿಯಲು ಬಂದಿದ್ದಾರೆ. "ಆಗದವರು ಹೀಗೆ ಮಾಡಿ" ಎಂಬ ಮಾತೂ ಅಷ್ಟೇ ಚುಚ್ಚುತ್ತದೆ. ಕುರ್ಚಿ, ಬ್ಲಾಕ್, ಬೆಲ್ಟ್ ಎಲ್ಲರ ಮ್ಯಾಟಿನ ಪಕ್ಕದಲ್ಲೂ ಇರಲಿ. ಆಸನವನ್ನು ಅವುಗಳೊಡನೆ ಮಾಡುವ ಕ್ರಮದಿಂದಲೇ ಕಲಿಸಲು ಶುರುಮಾಡಿ, ಬೇಡದವರು ಆಮೇಲೆ ಬಿಡಲಿ. ಆಗ ಯಾರೂ ಒಂಟಿಯಾಗುವುದಿಲ್ಲ.

ಮುಟ್ಟುವ ಮುನ್ನ ಪ್ರತಿ ಸಲವೂ ಕೇಳಿ. ಬಗ್ಗಿದವರ ಬೆನ್ನಿನ ಮೇಲೆ ಕೈಯಿಟ್ಟು ಒತ್ತುವ ಅಭ್ಯಾಸ ಹಲವು ಶಿಕ್ಷಕರಿಗಿದೆ. ಹೊಟ್ಟೆ ತೊಡೆಗೆ ತಾಗಿ ನಿಂತವರನ್ನು ಹಾಗೆ ಒತ್ತಿದರೆ ಸೊಂಟದಲ್ಲಿ ಹೋಗಲು ಜಾಗವಿಲ್ಲದ ಬಲವೆಲ್ಲ ಕೆಳಬೆನ್ನಿನ ಮೇಲೆ ಬೀಳುತ್ತದೆ. ಅವರ ಉಸಿರು ನೋಡಿ. ತಡೆತಡೆದು ಬರುತ್ತಿದ್ದರೆ ಜಾಗ ಮುಗಿದಿದೆ, ಕಾಲು ಅಗಲಿಸಲು ಹೇಳಿ. ಹೊಟ್ಟೆ, ಎದೆ, ತೊಡೆ ಎಂಬ ಮಾತುಗಳನ್ನು ಮುಜುಗರವಿಲ್ಲದೆ, ಮೊಣಕೈ ಎಂದಷ್ಟೇ ಸಹಜವಾಗಿ ಬಳಸಿ. ಅರ್ಧಮತ್ಸ್ಯೇಂದ್ರಾಸನದಂಥ ತಿರುಚುವ ಆಸನದಲ್ಲಿ ಎತ್ತಿದ ಮಂಡಿಯ ಕಡೆಗೇ ತಿರುಗಿಸುವ ಬದಲು ಅದರಿಂದಾಚೆಗೆ ತಿರುಗಿಸಿ. ಬೆನ್ನೆಲುಬು ತಿರುಗುತ್ತದೆ, ಹೊಟ್ಟೆ ನಜ್ಜಾಗುವುದಿಲ್ಲ. ವಜ್ರಾಸನದಲ್ಲಿ ತೊಡೆ ಮತ್ತು ಮೀನಖಂಡದ ನಡುವೆ ಕಂಬಳಿ ಇಡಿಸಿ. ಮಂಡಿ ನೋಯುತ್ತದೆ ಎಂದರೆ ಆ ಆಸನವನ್ನೇ ಬಿಟ್ಟುಬಿಡಿ. ಕುರ್ಚಿ ಮಾತ್ರ ಗಟ್ಟಿಯಾಗಿರಬೇಕು, ಕೈಹಿಡಿ, ಗಾಲಿ ಇರಬಾರದು. ಕುರ್ಚಿ ಮುರಿದು ಎಲ್ಲರೆದುರು ಬಿದ್ದವರು ಮತ್ತೆ ತರಗತಿಗೆ ಬರುವುದು ಕಷ್ಟ.

ಪ್ರಶ್ನೆ: ನಾನೇ ದಪ್ಪ. ಶಿಕ್ಷಕಿಯ ತರಬೇತಿ ಮುಗಿಸಿದ್ದೇನೆ. "ಮೊದಲು ನೀನು ಸಣ್ಣಗಾಗು, ಆಮೇಲೆ ಕಲಿಸುವೆಯಂತೆ" ಎನ್ನುತ್ತಾರೆ ಮನೆಯವರು. ಎಲ್ಲ ಆಸನವನ್ನೂ ಮಾಡಿ ತೋರಿಸಲು ನನಗೆ ಆಗುವುದಿಲ್ಲ ಎಂಬುದೂ ನಿಜ.

ಉತ್ತರ: ಕಾಯಬೇಡಿ, ಕಲಿಸಲು ಶುರುಮಾಡಿ. ಅಯ್ಯಂಗಾರರಿಗೇ ಗುರುವಾಗಿದ್ದ ಟಿ. ಕೃಷ್ಣಮಾಚಾರ್ಯರು (1888–1989) ತಮ್ಮ ಕೊನೆಯ ವರ್ಷಗಳವರೆಗೂ ಪಾಠ ಹೇಳಿದರು. ವಯಸ್ಸಾದ ಮೇಲೆ ಅವರ ಪಾಠವೆಂದರೆ ಎದುರಿಗಿದ್ದವರ ಮೈ, ವಯಸ್ಸು, ಕಾಯಿಲೆ ನೋಡಿ ಅವರಿಗೆಂದೇ ಅಭ್ಯಾಸ ಹೊಂದಿಸಿ ಕೊಡುವುದು. ಕಲಿಸುವುದಕ್ಕೆ ಬೇಕಾದದ್ದು ಆ ಕಣ್ಣು. ಅದು ನಿಮ್ಮಲ್ಲಿ ಇತರರಿಗಿಂತ ಹೆಚ್ಚಿರಲು ಸಾಧ್ಯ, ಏಕೆಂದರೆ ಹೊಟ್ಟೆ ಎಲ್ಲಿ ತಡೆಯುತ್ತದೆ, ಮಂಡಿಗೆ ಯಾವಾಗ ಭಾರ ಬೀಳುತ್ತದೆ ಎಂಬುದು ನಿಮಗೆ ಒಳಗಿನಿಂದಲೇ ಗೊತ್ತು.

ನಿಮ್ಮಿಂದಾಗದ ಆಸನವನ್ನು ಮಾತಿನಲ್ಲೇ ಕಲಿಸುವುದನ್ನು ರೂಢಿಸಿಕೊಳ್ಳಿ. ಯಾವ ಕಾಲು ಮೊದಲು, ಭಾರ ಎಲ್ಲಿ, ಉಸಿರು ಯಾವಾಗ ಎಂದು ಹಂತಹಂತವಾಗಿ ಬರೆದುಕೊಂಡು, ಮನೆಯಲ್ಲಿ ಒಬ್ಬರನ್ನು ನಿಲ್ಲಿಸಿ ಬರೀ ಮಾತಿನಿಂದ ಮಾಡಿಸಿ ನೋಡಿ. ಅವರು ತಡವರಿಸಿದ ಕಡೆ ನಿಮ್ಮ ವಾಕ್ಯ ತಿದ್ದಿಕೊಳ್ಳಿ. ಮೊದಲ ತರಗತಿಗೆ ಕುರ್ಚಿ, ಗೋಡೆ, ಬೆಲ್ಟ್ ಸಾಕಾಗುವ ಐದಾರು ಆಸನ ಆರಿಸಿಕೊಳ್ಳಿ. ಮ್ಯಾಟುಗಳನ್ನು ಒತ್ತಾಗಿ ಹಾಸಬೇಡಿ, ಎರಡೂ ಬದಿಗೆ ಕೈ ಚಾಚಿದರೂ ಪಕ್ಕದವರಿಗೆ ತಾಗದಷ್ಟು ಅಂತರ ಬಿಡಿ. ಪ್ರಕಟಣೆಯಲ್ಲಿ ತೂಕ ಇಳಿಸುವ ಮಾತು ಬೇಡ. ನಿಮ್ಮದೇ ಫೋಟೊ ಹಾಕಿ. ಅದನ್ನು ನೋಡಿ ತಮಗೂ ಇಲ್ಲಿ ಜಾಗವಿದೆ ಎಂದು ಧೈರ್ಯ ಮಾಡಿ ಬರುವವರು ಖಂಡಿತ ಇದ್ದಾರೆ.