ಆ ಒಂದು ವರ್ಷ ಯಾರ ಲೆಕ್ಕಕ್ಕೆ?

ಆಪ್ತಸಲಹೆಗೆ ಅಂತ ನನ್ನ ಹತ್ತಿರ ಬರುವ ಮನೆಗಳ ಜಗಳ ಬೇರೆ ಬೇರೆ. ಮೇ, ಜೂನ್ ಬಂತು ಅಂದರೆ ಮಾತ್ರ ಒಂದೇ ಜಗಳ. ಮಗನಿಗೋ ಮಗಳಿಗೋ ಫಾರಿನ್ ಯೂನಿವರ್ಸಿಟಿಯಿಂದ ಆಫರ್ ಲೆಟರ್ ಬಂದಿರುತ್ತೆ, ಅಪ್ಪ ಮಾತು ಬಿಟ್ಟಿರುತ್ತಾರೆ, ಅಮ್ಮ ಊಟ ಬಿಟ್ಟಿರುತ್ತಾರೆ. ಚಿಕ್ಕಬಳ್ಳಾಪುರದಲ್ಲಿ ಕೂತು ಇಂಥ ಕೇಸುಗಳನ್ನು ಎಷ್ಟು ನೋಡಿದ್ದೇನೆ ಅಂದರೆ, ಹೇಳಬೇಕಾದ್ದೆಲ್ಲ ನನಗೆ ಬಾಯಿಪಾಠ ಆಗಿಹೋಗಿತ್ತು. ಆ ಬಾಯಿಪಾಠವನ್ನು ಒಬ್ಬಳು ಹುಡುಗಿ ಕೆಡಿಸಿದಳು. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥದ್ದನ್ನೆಲ್ಲ ಬದಲಿಸಿದ್ದೇನೆ. ಹೆಸರು ಸುಮ್ನೆ ರೇಖಾ ಅಂತ ಇಟ್ಟುಕೊಳ್ಳಿ.

ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಯುವ ಮನೆ. ಎರಡೂವರೆ ಎಕರೆ ಹಿಪ್ಪುನೇರಳೆ ತೋಟ, ಒಂದು ಬೋರ್‌ವೆಲ್, ಒಂದು ಹುಳುಮನೆ. ರೇಖಾಗೆ 22. ಇಂಜಿನಿಯರಿಂಗ್ ಮುಗಿಸಿದ್ದಳು, ಮಾರ್ಕ್ಸ್ ಚೆನ್ನಾಗಿತ್ತು. ಬ್ರಿಟನ್ನಿನ ಒಂದು ಯೂನಿವರ್ಸಿಟಿಯಲ್ಲಿ ಒಂದು ವರ್ಷದ ಎಂ.ಎಸ್ಸಿ.ಗೆ ಸೀಟು ಸಿಕ್ಕಿತ್ತು. ಲಂಡನ್ ಅಲ್ಲ, ಹೊರಗಿನ ಊರು. ಬೆಂಗಳೂರಿನ ಏಜೆಂಟ್ ಒಬ್ಬ "20 ಲಕ್ಷ ಸಾಕು, ಕೈಖರ್ಚಿಗೆ ಪಾರ್ಟ್ ಟೈಮ್ ಇದ್ದೇ ಇದೆ" ಅಂದಿದ್ದ. ಶುಕ್ರವಾರದೊಳಗೆ ಡಿಪಾಸಿಟ್ ಕಟ್ಟಬೇಕು ಅಂತಲೂ ಅಂದಿದ್ದ. ಬ್ಯಾಂಕಿನಲ್ಲಿ ಕೃಷಿ ಜಮೀನು ಒತ್ತೆಗೆ ಆಗಲ್ಲ ಅಂದರಂತೆ. ಅದಕ್ಕೆ ಅಪ್ಪ ರಸ್ತೆ ಪಕ್ಕದ ಒಂದು ಎಕರೆ ಮಾರಲು ಹೊರಟರು, ಅಮ್ಮ ಅಡ್ಡ ನಿಂತರು. ಅಷ್ಟೊತ್ತಿಗೆ, 2025ರ ಜೂನ್ ಕೊನೆಯಲ್ಲಿ, ಯಾರೋ ನನ್ನ ಹೆಸರು ಹೇಳಿದ್ದಾರೆ.

ಮೊದಲ ದಿನ ನಾನು ಯಾರ ಮನಸ್ಸಿನ ವಿಷಯವನ್ನೂ ಕೇಳುವುದಿಲ್ಲ. ಹಾಳೆ, ಪೆನ್ನು ಕೊಟ್ಟು ಲೆಕ್ಕ ಬರೆಸುತ್ತೇನೆ. ಇದೇನು ಆಪ್ತಸಲಹೆಯೋ ಆಡಿಟರ್ ಆಫೀಸೋ ಅಂತ ಜೊತೆಯವರೇ ಗೇಲಿ ಮಾಡಿದ್ದಾರೆ. ಮಾಡಲಿ. ದುಡ್ಡು ಎಷ್ಟು ಅನ್ನೋದು ಗೊತ್ತಾಗುವ ತನಕ ಮನೆಯವರು ಪ್ರೀತಿ, ಮರ್ಯಾದೆ, ತ್ಯಾಗ ಅಂತ ಬೇರೆ ಬೇರೆ ಹೆಸರಿಟ್ಟು ಆ ದುಡ್ಡಿಗೇ ಕಿತ್ತಾಡುತ್ತಿರುತ್ತಾರೆ.

ರೇಖಾ ಬರೆದಳು. ಫೀಸು 17,000 ಪೌಂಡ್. ಪೌಂಡಿಗೆ 115 ರೂಪಾಯಿ ಅಂತ ಹಿಡಿದರೆ ಅದೊಂದೇ 19.55 ಲಕ್ಷ. ಅಂದರೆ ಏಜೆಂಟ್ ಹೇಳಿದ 20 ಲಕ್ಷ ಬರೀ ಫೀಸು! ವೀಸಾಕ್ಕೆ ಆಗ 524 ಪೌಂಡ್. ಅಲ್ಲಿನ ಸರ್ಕಾರಿ ವೈದ್ಯಸೇವೆಗೆ ಅಂತ ವೀಸಾ ಜೊತೆಗೇ ಕಟ್ಟಿಸಿಕೊಳ್ಳುವ ಹೆಲ್ತ್ ಸರ್‌ಚಾರ್ಜ್ ವರ್ಷಕ್ಕೆ 776, ಆದರೆ ಒಂದು ವರ್ಷದ ಕೋರ್ಸಿಗೆ ವೀಸಾ ಒಂದು ವರ್ಷಕ್ಕಿಂತ ಜಾಸ್ತಿ ಇರುತ್ತಲ್ಲ, ಹಾಗಾಗಿ ಒಂದೂವರೆ ವರ್ಷದ್ದು ಸೇರಿ 1,164. ಇನ್ನು ಊಟ, ಬಾಡಿಗೆ. ಲಂಡನ್ ಹೊರಗೆ ತಿಂಗಳಿಗೆ 1,136 ಪೌಂಡಿನಂತೆ ಒಂಬತ್ತು ತಿಂಗಳ ದುಡ್ಡು 28 ದಿನ ಖಾತೆಯಲ್ಲಿ ಇರಬೇಕು ಅನ್ನೋದು ಆಗಿನ ವೀಸಾ ನಿಯಮ. ಇಲ್ಲೇ ತುಂಬಾ ಜನ ಎಡವೋದು. ಒಂಬತ್ತು ತಿಂಗಳು ತೋರಿಸೋಕೆ, ಉಣ್ಣೋದು ಹನ್ನೆರಡು ತಿಂಗಳು. ಹನ್ನೆರಡು ತಿಂಗಳಿಗೆ 13,632 ಪೌಂಡ್, 15.68 ಲಕ್ಷ. ವಿಮಾನದ ಟಿಕೆಟ್, ಕ್ಷಯ ಪರೀಕ್ಷೆ, ಬೆಡ್‌ಶೀಟು ಕುಕ್ಕರು ಬಿಟ್ಟು ಒಟ್ಟು 37 ಲಕ್ಷ ದಾಟಿತು.

ಪಾರ್ಟ್ ಟೈಮ್ ಇದೆಯಲ್ಲ ಅಂದಳು. ಇದೆ. ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ, ಅದೂ ಕೆಲಸ ಸಿಕ್ಕರೆ. ಓದು ಮುಗಿದ ಮೇಲೆ ಎರಡು ವರ್ಷ ಅಲ್ಲೇ ಕೆಲಸ ಹುಡುಕಬಹುದಲ್ಲ ಅಂದಳು. ಹುಡುಕಬಹುದು, ಆ ಗ್ರಾಜುಯೇಟ್ ವೀಸಾಕ್ಕೆ ಆಗ 880 ಪೌಂಡ್, ಸರ್‌ಚಾರ್ಜ್ ವರ್ಷಕ್ಕೆ 1,035ರಂತೆ ಎರಡು ವರ್ಷದ್ದು. ಅಲ್ಲಿಗೆ ಇನ್ನೊಂದು 3.39 ಲಕ್ಷ. ಇದನ್ನು ಯಾವ ಏಜೆಂಟನ ಬಾಯಲ್ಲೂ ನಾನು ಕೇಳಿಲ್ಲ. ಅವರಿಗೆ ಕಮಿಷನ್ ಬರೋದು ಯೂನಿವರ್ಸಿಟಿ ಕಡೆಯಿಂದ, ಹುಡುಗಿ ಅಡ್ಮಿಷನ್ ಆದಾಗ. ಆಮೇಲಿನದು ಅವರ ಲೆಕ್ಕದಲ್ಲಿ ಇರಲ್ಲ. (2027ರ ಜನವರಿಯಿಂದ ಅರ್ಜಿ ಹಾಕುವವರಿಗೆ ಆ ಎರಡು ವರ್ಷವೂ 18 ತಿಂಗಳಿಗೆ ಇಳಿಯುತ್ತೆ.)

ಅಪ್ಪ ಅಷ್ಟೂ ಹೊತ್ತು ಸುಮ್ಮನಿದ್ದರು. ಜೇಬಿಂದ ಸುರುಳಿ ಸುತ್ತಿದ ಒಂದು ಪುಸ್ತಕ ತೆಗೆದರು. ಯಾವ ಬೆಳೆಗೆ ಎಷ್ಟು ಮೊಟ್ಟೆ ತಂದದ್ದು, ಮಾರ್ಕೆಟ್ಟಿನಲ್ಲಿ ಗೂಡು ಎಷ್ಟಕ್ಕೆ ಹೋದದ್ದು, ಕೂಲಿ, ಗೊಬ್ಬರ, ಎಲ್ಲ ಅದರಲ್ಲಿತ್ತು. ಖರ್ಚು ಕಳೆದು ಒಂದು ಬೆಳೆಗೆ ಕೈಗೆ ನಿಲ್ಲೋದು 62 ಸಾವಿರ, ಎಲ್ಲ ಸರಿ ಹೋದರೆ. ವರ್ಷಕ್ಕೆ ಐದು ಬೆಳೆ. ಆ 37 ಲಕ್ಷಕ್ಕೆ ಎಷ್ಟು ಬೆಳೆ ಅಂತ ಬೆರಳು ಮಡಚಿ ಎಣಿಸಿದ ಮೇಲೆ ಅಂದರು, "ಅರವತ್ತು ಬೆಳೆ ಮೇಡಂ. ಹನ್ನೆರಡು ವರ್ಷ." ರೇಖಾ ತಲೆ ಎತ್ತಲಿಲ್ಲ.

ಎರಡನೇ ಸಲ ಬಂದಾಗ ನಾನು ನನ್ನ ಬಾಯಿಪಾಠ ಒಪ್ಪಿಸಿದೆ. ಜಮೀನು ಮಾರಬೇಡಿ. ಸಾಲ ಮಾಡಿದರೂ 30 ಲಕ್ಷಕ್ಕೆ 11 ಪರ್ಸೆಂಟಿನಂತೆ ತಿಂಗಳಿಗೆ ಬಡ್ಡಿಯೇ 27,500, ಕೋರ್ಸ್ ಮುಗಿದು ಒಂದು ವರ್ಷದ ತನಕ ಕಂತು ಕೇಳದೇ ಇರಬಹುದು, ಬಡ್ಡಿ ಮಾತ್ರ ಬೆಳೀತಾನೇ ಇರುತ್ತೆ. ಡಿಪಾಸಿಟ್ ಕಟ್ಟಬೇಡಿ, ಒಂದು ವರ್ಷ ಬೆಂಗಳೂರಲ್ಲಿ ಕೆಲಸ ಮಾಡಲಿ. ಅಷ್ಟರಲ್ಲಿ ಜರ್ಮನಿಗೆ ಪ್ರಯತ್ನಿಸಲಿ. ಅಲ್ಲಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಹೆಚ್ಚಿನವು ಫೀಸು ತಗೊಳ್ಳುವುದಿಲ್ಲ. ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ, ಅಂಥವನ್ನು ನೋಡಿಕೊಂಡು ಆರಿಸಬೇಕು. ವೀಸಾಕ್ಕೆ ಅಂತ ಬ್ಲಾಕ್ಡ್ ಅಕೌಂಟ್ ಅನ್ನೋ ಖಾತೆಯಲ್ಲಿ ವರ್ಷಕ್ಕೆ 11,904 ಯೂರೋ ಇಡಬೇಕು, ಹತ್ತಿರ ಹತ್ತಿರ 12 ಲಕ್ಷ. ಅದು ಫೀಸಲ್ಲ, ಅವಳ ಊಟದ ದುಡ್ಡೇ, ತಿಂಗಳಿಗೆ 992ರಂತೆ ಅವಳಿಗೇ ವಾಪಸ್ ಬರುತ್ತೆ. ಎರಡು ವರ್ಷದ ಕೋರ್ಸು, ಎರಡನೇ ವರ್ಷಕ್ಕೂ ಅಷ್ಟೇ ಬೇಕು. ಒಟ್ಟು 24 ಲಕ್ಷ ಹಿಡಿಯಿರಿ. ಕಡಿಮೆ ಅಲ್ಲ, ಆದರೆ ಒಂದೇ ಸಲ ಎಕರೆ ಮಾರಬೇಕಾಗಿಲ್ಲ.

ಅಪ್ಪ ತಲೆದೂಗಿದರು. ಅಮ್ಮನ ಮುಖ ಅವತ್ತು ಮೊದಲ ಸಲ ಅರಳಿತು. ಸುಲಭವಾಗಿ ಮುಗೀತಲ್ಲ ಅಂತ ನಾನೂ ಒಳಗೊಳಗೇ ಖುಷಿಪಟ್ಟೆ.

ಆಗ ರೇಖಾ, ನನ್ನ ಕಡೆ ಅಲ್ಲ, ಅಮ್ಮನ ಕಡೆ ನೋಡಿಕೊಂಡು ಹೇಳಿದಳು. "ಮೇಡಂ, ನಮ್ಮ ಚಿಕ್ಕಪ್ಪನ ಮಗನಿಗಾದರೆ ಒಂದು ವರ್ಷ ಅಂದ್ರೆ ಒಂದೇ ವರ್ಷ. ನನಗೆ ಆ ವರ್ಷ ಕೊಟ್ಟರೆ ಜಾತಕ ಹೊರಗೆ ಬರುತ್ತೆ. ದುಡ್ಡಿಲ್ಲ ಅಂತ ಅಪ್ಪ ಹೇಳಿದರೆ ನಾನು ಹೋಗಲ್ಲ. ಕಾಯಿ ಅಂತ ಮಾತ್ರ ಹೇಳಬೇಡಿ. ಕಾಯೋದು ಅಂದ್ರೆ ನಮ್ಮ ಮನೇಲಿ ಮದುವೆ ಅಂತ ಅರ್ಥ."

ನನಗೆ ಮಾತು ಹೊರಡಲಿಲ್ಲ. ಎಷ್ಟು ಹುಡುಗಿಯರಿಗೆ ನಾನು ಇದೇ "ಒಂದು ವರ್ಷ" ಹೇಳಿ ಕಳಿಸಿದ್ದೇನೆ? ಅವರಲ್ಲಿ ಇಬ್ಬರು ನನಗೆ ಮದುವೆ ಪತ್ರಿಕೆ ಕೊಡಲು ಬಂದಿದ್ದರು, ನಾನು ಸಿಹಿ ತಿಂದು ಕಳಿಸಿದ್ದೆ.

ಅಮ್ಮ ಸೆರಗಿನ ಅಂಚು ತಿರುಚುತ್ತಾ, "ಸಂಬಂಧ ತಾನಾಗೇ ಬಂದ್ರೆ ಬೇಡ ಅನ್ನೋಕಾಗುತ್ತಾ ಮೇಡಂ?" ಅಂದರು. ಕೇಳುತ್ತಾ ಹೋದರೆ ತಾನಾಗೇ ಬಂದದ್ದಲ್ಲ. ಸೋದರಮಾವ ಆಗಲೇ ಚಿಂತಾಮಣಿಯಲ್ಲಿ ಜಾತಕ ತೋರಿಸಿಯಾಗಿತ್ತು. ಅಪ್ಪನಿಗೆ ಅದು ಗೊತ್ತಿರಲಿಲ್ಲ. ಜಮೀನಿಗೆ ಅಮ್ಮ ಅಡ್ಡ ನಿಂತದ್ದು ಬರೀ ಜಮೀನಿಗಲ್ಲ, ಮದುವೆ ಖರ್ಚಿಗೆ ಅಂತ ಆ ಎಕರೆಯನ್ನು ಅವರು ಮನಸ್ಸಿನಲ್ಲೇ ಎತ್ತಿಟ್ಟಿದ್ದರು.

ಅಪ್ಪ ಕೂಗಾಡುತ್ತಾರೆ ಅಂದುಕೊಂಡೆ. ಅವರು ಹೆಂಡತಿಗೆ ಮೆಲ್ಲಗೆ ಹೇಳಿದ್ದು ಇಷ್ಟು: "ನಾಲ್ಕನೇ ಜ್ವರ ಎದ್ದ ಹುಳಕ್ಕೆ ಸೊಪ್ಪು ನಿಲ್ಲಿಸ್ತಾರೇನೇ?" ರೇಷ್ಮೆ ಗೊತ್ತಿಲ್ಲದವರಿಗೆ ಹೇಳಬೇಕು, ಹುಳ ನಾಲ್ಕು ಸಲ ಪೊರೆ ಬಿಡುತ್ತೆ, ಅದಕ್ಕೆ ಜ್ವರ ಅಂತಾರೆ. ನಾಲ್ಕನೆಯದು ಎದ್ದ ಮೇಲೆ, ಹಣ್ಣಾಗಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟಿಗೆ, ಹೋಗುವ ಮುಂಚೆ, ಆ ಒಂದು ವಾರದಲ್ಲೇ ಹುಳ ತನ್ನ ಜೀವಮಾನದ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ತಿನ್ನೋದು. ಆಗ ನಿಲ್ಲಿಸಿದರೆ ಹಿಂದೆ ಹಾಕಿದ್ದೆಲ್ಲ ದಂಡ. ಅಮ್ಮನೂ ಮೂವತ್ತು ವರ್ಷ ಸೊಪ್ಪು ಹಾಕಿದವರೇ. ಏನೂ ಅನ್ನಲಿಲ್ಲ.

ನನ್ನ ಸಲಹೆ ಅಲ್ಲಿ ಬದಲಾಯಿತು. ಕಾಯೋದೇ ಸರಿ ಅಂತ ಈಗಲೂ ಹೇಳಿದೆ, ಆದರೆ ಆ ವರ್ಷಕ್ಕೆ ಬೇಲಿ ಹಾಕಿಸಿದೆ. 2026ರ ಅಕ್ಟೋಬರ್ ತನಕ ಜಾತಕ ಬೀರುವಿನಿಂದ ಹೊರಗೆ ಬರಬಾರದು. ಸೋದರಮಾವನಿಗೆ ಅದನ್ನು ಹೇಳುವವರು ಅಪ್ಪ, ರೇಖಾ ಅಲ್ಲ. ಅವಳ ಸಂಬಳದಲ್ಲಿ ಅರ್ಧ ಅವಳ ಹೆಸರಿನ ಖಾತೆಗೇ ಹೋಗಬೇಕು, ಮನೆ ಖರ್ಚಿಗೆ ಮುಟ್ಟಬಾರದು. ಕಡಿಮೆ ಬಿದ್ದದ್ದಕ್ಕೆ ಮೊದಲು 7.5 ಲಕ್ಷದೊಳಗಿನ ಶಿಕ್ಷಣ ಸಾಲ ಕೇಳಲಿ, ಅಷ್ಟಕ್ಕೆ ಸರ್ಕಾರಿ ಬ್ಯಾಂಕಿನವರು ಆಸ್ತಿ ಒತ್ತೆ ಕೇಳುವುದಿಲ್ಲ. ಇದನ್ನೆಲ್ಲ ಅಪ್ಪನ ರೇಷ್ಮೆ ಪುಸ್ತಕದ ಕೊನೇ ಹಾಳೆಯಲ್ಲಿ ಬರೆಸಿ ಮೂವರ ಕೈಲೂ ಸಹಿ ಹಾಕಿಸಿದೆ.

ಈ ಕೇಸು ಹೇಳಿಕೊಂಡಾಗ ಒಬ್ಬ ಹಿರಿಯರು ನನ್ನನ್ನು ತರಾಟೆಗೆ ತೆಗೆದುಕೊಂಡರು. ಸಲಹೆಗಾರರು ಮನೆಯವರ ಮಧ್ಯೆ ಒಬ್ಬರ ಪಕ್ಷ ವಹಿಸಬಾರದು, ಮದುವೆ ವಿಷಯಕ್ಕೆ ಕೈ ಹಾಕಬಾರದು ಅಂತ. ನಾನೂ ಅದನ್ನೇ ಓದಿಕೊಂಡು ಬಂದವಳು. ಆದರೆ ಕಾಯಿ ಅಂದದ್ದು ನಾನು. ನನ್ನ ಮಾತು ಕೇಳಿ ಅವಳು ಕೂತರೆ, ಆ ಕೂತ ವರ್ಷದಲ್ಲಿ ಅವಳಿಗೆ ಆಗುವ ನಷ್ಟದಲ್ಲಿ ನನಗೂ ಪಾಲಿಲ್ಲವಾ? ಅಣ್ಣತಮ್ಮಂದಿರಿಗೆ ಬಡ್ಡಿ ಇಲ್ಲದೆ ಸಿಗುವ ವರ್ಷವನ್ನು ಹುಡುಗಿಯರು ಮೀಟರ್ ಬಡ್ಡಿಗೆ ತಗೊಳ್ಳಬೇಕಾಗುತ್ತೆ. ಹೆಣ್ಣುಮಕ್ಕಳ ಫಾರಿನ್ ಓದಿನ ಖರ್ಚು ಬರೆಯುವ ಅಪ್ಪ ಅಮ್ಮಂದಿರೆ, ನಿಮ್ಮ ಹಾಳೆಯಲ್ಲಿ ಆ ಸಾಲು ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ. ನೀವು ಬರೆಯದೇ ಇದ್ದರೂ ಅವಳು ಬರೆದುಕೊಂಡಿರುತ್ತಾಳೆ. ಶುಕ್ರವಾರದೊಳಗೆ ಡಿಪಾಸಿಟ್ ಕಟ್ಟಿ ಓಡಿಹೋಗಲು ಯಾಕೆ ಅಷ್ಟು ಹಟ ಮಾಡುತ್ತಾಳೆ ಅನ್ನೋದಕ್ಕೆ ಉತ್ತರ ಎಷ್ಟೋ ಸಲ ಅಲ್ಲೇ ಇರುತ್ತೆ, ಫಾರಿನ್ ಹುಚ್ಚಿನಲ್ಲಿ ಅಲ್ಲ.

ರೇಖಾ ಈಗ ಬೆಂಗಳೂರಿನಲ್ಲಿ ಪಿ.ಜಿ.ಯಲ್ಲಿದ್ದು ಕೆಲಸಕ್ಕೆ ಹೋಗುತ್ತಿದ್ದಾಳೆ. ಜರ್ಮನಿ ವೀಸಾಕ್ಕೆ ಬೇಕಾಗುವ, ಇಲ್ಲಿನ ಮಾರ್ಕ್ಸ್ ಕಾರ್ಡು ಅಸಲಿ ಅಂತ ಪರಿಶೀಲಿಸಿ ಕೊಡುವ ಎಪಿಎಸ್ ಸರ್ಟಿಫಿಕೇಟಿಗೆ 18,000 ಕಟ್ಟಿ ತರಿಸಿಕೊಂಡಿದ್ದಾಳೆ, ಅದು ಅವಳ ಮೊದಲ ಸಂಬಳದ್ದೇ. ಸಂಕ್ರಾಂತಿ ಆದ ವಾರ ಅವರಮ್ಮ ಫೋನ್ ಮಾಡಿದ್ದರು. ಸೋದರಮಾವ ಮತ್ತೆ ಬಂದಿದ್ದಾರೆ, ಜಾತಕ ಕೇಳಿಲ್ಲ, ಆದರೆ ಒಬ್ಬ ಹುಡುಗನ ವಿಷಯ ತಂದಿದ್ದಾರೆ. "ಹುಡುಗ ಜರ್ಮನಿಯಲ್ಲೇ ಇರೋದಂತೆ ಮೇಡಂ. ಇವಳು ಅಲ್ಲೇ ಓದಿಕೊಳ್ಳಬಹುದು, ಖರ್ಚೂ ಉಳಿಯುತ್ತೆ. ಏನ್ ಹೇಳಲಿ?"

"ರೇಖಾನ್ನ ಕೇಳಿದ್ರಾ?" ಅಂದೆ.

"ಕೇಳಿದೆ. ಫೋನ್ ಇಟ್ಟುಬಿಟ್ಟಳು."